ಬುಧವಾರದ ಒರ್ದಿಸಿಯಾ ಸಂತೆ, ಚಿಂದೋಕಿ ಬೆಟ್ಟ, ಬಿಸಿ ಬಿಸಿ ತಾಲೊ | ಬಾಸ್ಕ್ ಹಳ್ಳಿಗಾಡು ವ್ಲಾಗ್

ನಮಸ್ಕಾರ. ಇವತ್ತು ಬುಧವಾರ. ವಾರ ಯಾಕೆ ಮೊದಲು ಹೇಳ್ತಿದೀನಿ ಅಂದ್ರೆ, ಈ ಊರಿಗೆ ಬೇರೆ ದಿನ ಬಂದ್ರೆ ಖಾಲಿ ಚೌಕ ನೋಡ್ಕೊಂಡು ವಾಪಸ್ ಹೋಗ್ಬೇಕಾಗುತ್ತೆ. ಊರು ಒರ್ದಿಸಿಯಾ. ಸ್ಪೇನ್ ಕಡೆಯ ಬಾಸ್ಕ್ ನಾಡು, ಗಿಪುಸ್ಕೋವಾ ಪ್ರಾಂತ್ಯ, ಅದರ ಒಳಭಾಗ. ಈ ಭಾಗಕ್ಕೆ ಗೊಯೆರ್ರಿ ಅಂತಾರೆ, ಅಂದ್ರೆ ಮೇಲುಸೀಮೆ. ಸ್ಯಾನ್ ಸೆಬಾಸ್ಟಿಯನ್‌ನಿಂದ ಬ್ರಿಂಕೋಲಾ ಕಡೆ ಹೋಗೋ ಲೋಕಲ್ ರೈಲಲ್ಲಿ ಹೆಚ್ಚುಕಮ್ಮಿ ಮುಕ್ಕಾಲು ಗಂಟೆ. ಸಂತೆ ದಿನ ಕಾರು ಬೇಡವೇ ಬೇಡ, ನಿಲ್ಲಿಸೋಕೆ ಜಾಗ ಹುಡುಕೋದ್ರಲ್ಲೇ ಹೊತ್ತು ಹೋಗುತ್ತೆ.

ಕಂಬಗಳ ಮೇಲೆ ದೊಡ್ಡ ಚಾವಣಿ ಕಾಣ್ತಿದೆಯಲ್ಲ, ಅದರ ಕೆಳಗೇ ಸಂತೆ. 1512ರಲ್ಲಿ ಊರಿಗೆ ಬೆಂಕಿ ಬಿತ್ತು. ಸುಟ್ಟ ಊರು ಚೇತರಿಸ್ಕೊಳ್ಳಲಿ ಅಂತ ರಾಣಿ ಹುವಾನಾ ಬುಧವಾರದ ಸಂತೆಗೆ ಅಪ್ಪಣೆ ಕೊಟ್ಟಳು. ಅವತ್ತಿಂದ ಬುಧವಾರವೇ. ಇಲ್ಲಿ ಕುದುರೋ ಬೆಲೆಯನ್ನ ಸುತ್ತಲಿನ ಬೇರೆ ಸಂತೆಗಳವರೂ ನೋಡ್ತಾರೆ. ಬೆಳಗ್ಗೆ ಒಂಬತ್ತೂವರೆ ಒಳಗೆ ಬನ್ನಿ. ಒಂದು ಗಂಟೆ ಹೊತ್ತಿಗೆ ಬುಟ್ಟಿ ಎತ್ತೋಕೆ ಶುರು ಮಾಡ್ತಾರೆ. ಮಾತಾಡಿಸೋಕೆ ಮುಂಚೆ "ಎಗುನ್ ಒನ್" ಅನ್ನಿ, ಶುಭೋದಯ ಅಂತ. ವ್ಯಾಪಾರ ಆದ್ಮೇಲೆ "ಎಸ್ಕೆರ್ರಿಕ್ ಅಸ್ಕೊ", ಧನ್ಯವಾದ. ಉಳಿದಿದ್ದೆಲ್ಲ ಸ್ಪ್ಯಾನಿಷ್‌ನಲ್ಲಿ ನಡೆಯುತ್ತೆ. ಆದ್ರೆ ಈ ಎರಡು ಮಾತು ಅವರ ಭಾಷೆಯಲ್ಲೇ ಬರ್ಬೇಕು. ಪ್ರಪಂಚದ ಯಾವ ಭಾಷೆಗೂ ನಂಟಸ್ತಿಕೆ ಸಿಗದ ಭಾಷೆ ಅದು, ಸ್ಪೇನಿನ ಸರ್ವಾಧಿಕಾರಿ ಫ್ರಾಂಕೋ ಆಳ್ವಿಕೆಯಲ್ಲಿ ಅದುಮಿಟ್ಟಿದ್ದನ್ನ ಉಳಿಸ್ಕೊಂಡು ಬಂದಿದಾರೆ. ಅವರ ಮುಖ ನೋಡಿ, ಹೇಗೆ ಅರಳುತ್ತೆ ಅಂತ.

ಸರಿ, ಚೀಸ್. ಇದಕ್ಕೆ ಹೊತ್ತು ತಗೊಳ್ತೀನಿ, ಯಾಕಂದ್ರೆ ತಪ್ಪೆಲ್ಲ ಆಗೋದು ಇಲ್ಲೇ.

ಹೆಸರು ಇದಿಯಸಬಾಲ್, ಪಕ್ಕದ ಹಳ್ಳಿಯ ಹೆಸರೇ. ಲಾಚಾ ಅನ್ನೋ ಉದ್ದ ತುಪ್ಪಟದ ಕುರಿ, ಇಲ್ಲಾಂದ್ರೆ ಕರ್ರಾನ್ಸಾನಾ ಕುರಿ, ಅವುಗಳ ಕಾಯಿಸದ ಹಾಲು ಮಾತ್ರ. ಕಮ್ಮಿ ಅಂದ್ರೆ 60 ದಿನ ಮಾಗಿಸ್ಬೇಕು. ಒಂದು ಕಿಲೋ ಚೀಸಿಗೆ ಸುಮಾರು 6–7 ಲೀಟರ್ ಹಾಲು ಹೋಗುತ್ತೆ. ಕಿಲೋಗೆ 20 ಯೂರೊ ದಾಟೋದು ಅದಕ್ಕೇ. ದುಬಾರಿ ಅಂತ ಗೊಣಗ್ಬೇಡಿ, ಲಾಚಾ ಕುರಿ ಕೊಡೋ ಹಾಲೇ ಅಷ್ಟು. ಮರಿ ಹಾಕೋದು ಚಳಿಗಾಲದಲ್ಲಿ, ಕರೆಯೋದು ಬೇಸಿಗೆ ಶುರುವಾಗೋ ತನಕ, ಆಮೇಲೆ ಹಿಂಡು ಬೆಟ್ಟ ಹತ್ತುತ್ತೆ. ಅಂದ್ರೆ ಮಾರ್ಚ್‌ನಲ್ಲಿ ಇಲ್ಲಿ ನಿಮಗೆ ಸಿಗೋದು ಬಹುಪಾಲು ಹೋದ ವರ್ಷದ್ದು: ಒಣಗಿ, ಖಾರವಾಗಿ, ಕತ್ತರಿಸಿದ್ರೆ ಪುಡಿಯಾಗುತ್ತೆ. ಮೇ ತಿಂಗಳಿಂದ ಹೊಸದು ಕಾಣಿಸ್ಕೊಳ್ಳುತ್ತೆ, ಮೆತ್ತಗೆ, ಹಾಲಿನ ಘಮ. ಸೆಪ್ಟೆಂಬರ್‌ನಲ್ಲಿ ಎರಡರ ನಡುವಿನ ಹದ, ಇದೇ ಚೌಕದಲ್ಲಿ ಕುರುಬರ ಚೀಸ್ ಸ್ಪರ್ಧೆ ನಡೆಯೋದೂ ಆಗಲೇ.

ಕಂದು ಸಿಪ್ಪೆ ಇರೋದು ಹೊಗೆ ಹಾಕಿದ್ದು, ಹಳದಿ ಸಿಪ್ಪೆ ಹಾಕದೇ ಇರೋದು. ಹಿಂದೆ ಬೆಟ್ಟದ ಮೇಲೆ ಕುರುಬರ ಗುಡಿಸಲಿಗೆ ಹೊಗೆ ಹೋಗೋ ಗೂಡು ಇರ್ತಿರ್ಲಿಲ್ಲ, ಅಟ್ಟದ ಮೇಲಿದ್ದ ಚೀಸಿಗೆ ಒಲೆ ಹೊಗೆ ಹಿಡೀತಿತ್ತು. ಈಗ ಬೀಚ್ ಅಥವಾ ಚೆರ್ರಿ ಸೌದೆಯಲ್ಲಿ ಹಾಕ್ತಾರೆ. ಹೊಗೆದೇ ತಗೊಳ್ಳಿ, ಅದೇ ಅಸಲಿ ರುಚಿ. ಅಲ್ಲ, ತಡೀರಿ, ಮೊದಲ ಸಲ ತಿನ್ನೋರಿಗೆ ಹೊಗೆ ಬೇಡ. ಹೊಗೆ ಬಾಯಿ ತುಂಬಿಕೊಂಡ್ರೆ ಹಾಲಿನ ರುಚಿ ಕಾಣೋದೇ ಇಲ್ಲ. ಹಳದಿದು ಅರ್ಧ ಗುಂಡು ತಗೊಂಡು, ಹೊಗೆದು ಒಂದು ಚೂರು ತಗೊಳ್ಳಿ. ಸಿಪ್ಪೆ ಮೇಲೆ ನಂಬರ್ ಒತ್ತಿದ ಪುಟ್ಟ ಬಿಲ್ಲೆ ಇರುತ್ತೆ, ಕೆಸೀನ್ ಅನ್ನೋ ಹಾಲಿನ ಪ್ರೋಟೀನಿಂದ ಮಾಡಿದ್ದು, ಅದು ಇದ್ರೆ ಮಾತ್ರ ಇದಿಯಸಬಾಲ್. ತನ್ನ ಹಿಂಡಿನ ಹಾಲಲ್ಲಿ ತಾನೇ ಮಾಡಿದ ಕುರುಬನ ಚೀಸ್ ಬೇಕಂದ್ರೆ "ಅರ್ಚಾಯ್ ಗಸ್ತಾ" ಅನ್ನೋ ಗುರುತು ನೋಡಿ.

ಈಗ ಮುಖ್ಯವಾದ ವಿಷಯ, ಸಸ್ಯಾಹಾರಿಗಳು ಗಮನ ಕೊಡಿ. ಹಾಲು ಒಡೆಯೋಕೆ ಇಲ್ಲಿ ಹಾಕೋದು ರೆನೆಟ್, ಸಂಪ್ರದಾಯದಂತೆ ಎಳೆ ಕುರಿಮರಿಯ ಹೊಟ್ಟೆಯಿಂದ ತೆಗೆದ ಹೆಪ್ಪು. ಬಾಸ್ಕ್‌ನಲ್ಲಿ ಗತ್ಸಾಗಿ, ಸ್ಪ್ಯಾನಿಷ್‌ನಲ್ಲಿ ಕ್ವಾಹೊ. ಹಳೇ ಪದ್ಧತಿಯಲ್ಲಿ ಅದನ್ನ ಅರೆದು ಮುದ್ದೆ ಮಾಡಿ ಹಾಕ್ತಾರೆ. ಅದರಲ್ಲಿರೋ ಕಿಣ್ವ ಕೊಬ್ಬನ್ನ ಒಡೆಯೋದರಿಂದಲೇ ನಾಲಿಗೆ ಚುರುಗುಟ್ಟೋ ಖಾರ ಬರುತ್ತೆ. ಅಂದ್ರೆ ಈ ಚೀಸಿನ ರುಚಿಯೇ ಆ ಹೆಪ್ಪಿನದು. ಅಂಗಡಿಯವರು "ಬರೀ ಹಾಲು, ಉಪ್ಪು" ಅಂತಾರೆ, ಸುಳ್ಳಲ್ಲ, ಅವರ ಲೆಕ್ಕದಲ್ಲಿ ಹೆಪ್ಪು ಮಾಂಸ ಅಲ್ಲ. ಹಾಗಾಗಿ "ವೆಜಿಟೇರಿಯನ್ನಾ?" ಅಂತ ಕೇಳಿದ್ರೆ ಹೌದು ಅನ್ನೋ ಉತ್ತರವೇ ಬರಬಹುದು. ಪ್ರಶ್ನೆ ಬದಲಾಯಿಸಿ. "ಕ್ವಾಹೊ ಅನಿಮಾಲ್?" ಅಂತ ಕೇಳಿ, ಪ್ರಾಣಿಯ ಹೆಪ್ಪಾ ಅಂತ. ಆಗ ನೇರ ಉತ್ತರ ಕೊಡ್ತಾರೆ. ಮನೇಲಿ ಕಟ್ಟುನಿಟ್ಟಾಗಿ ಪಾಲಿಸೋ ಅಪ್ಪ ಅಮ್ಮನ್ನ ಕರ್ಕೊಂಡು ಬಂದಿದ್ರೆ, ಚೀಸ್ ಬಾಯಿಗಿಡೋ ಮುಂಚೆ ಇದನ್ನ ಹೇಳಿಬಿಡೋದು ನಮ್ಮ ಜವಾಬ್ದಾರಿ. ತಿಂದ ಮೇಲೆ ಗೊತ್ತಾದ್ರೆ ಅವರಿಗೆ ಪ್ರವಾಸ ಪೂರ್ತಿ ನೋವು.

ಇದೇ ಮಾತು ಆ ಮಣ್ಣಿನ ಕುಡಿಕೆಗೂ. ಅದು ಮಾಮಿಯಾ. ನೋಡೋಕೆ ನಮ್ಮ ಗಿಣ್ಣು ಇದ್ದ ಹಾಗೇ, ಮೇಲೆ ಜೇನುತುಪ್ಪ ಬೇರೆ. ಆದ್ರೆ ಗಿಣ್ಣು ಗಟ್ಟಿಯಾಗೋದು ಈದ ಹಸುವಿನ ಮೊದಲ ಹಾಲು ಬಿಸಿಗೆ ಕಟ್ಟಿಕೊಳ್ಳೋದರಿಂದ; ಮಾಮಿಯಾ ಕುರಿ ಹಾಲಿಗೆ ಇದೇ ರೆನೆಟ್ ಹಾಕಿ ಕಟ್ಟಿಸಿದ್ದು. ತಿನ್ನೋರಿಗೆ ಹೇಳ್ತೀನಿ, ಸ್ವಲ್ಪ ಸೀದ ವಾಸನೆ ಇರೋದನ್ನೇ ಹುಡುಕಿ. ಹಿಂದೆ ಕೆಂಪಗೆ ಕಾಯಿಸಿದ ಕಲ್ಲನ್ನ ಹಾಲಿಗೆ ಹಾಕಿ ಬಿಸಿ ಮಾಡ್ತಿದ್ರು, ಆ ವಾಸನೆ ಅದರ ನೆನಪು.

ಚೀಸ್‌ಗೆ ಗಾಳಿ ತೆಗೆದು ಪ್ಲಾಸ್ಟಿಕ್ ಪ್ಯಾಕ್ ಮಾಡಿಕೊಡ್ತಾರೆ. ದಾರಿಗೆ ಸರಿ, ರೂಮಿಗೆ ಹೋದ ತಕ್ಷಣ ಬಿಚ್ಚಿ ಕಾಗದದಲ್ಲೋ ಹತ್ತಿ ಬಟ್ಟೆಯಲ್ಲೋ ಸುತ್ತಿ. ಇಲ್ಲಾಂದ್ರೆ ಬೆವರಿ ಸಿಪ್ಪೆ ಲೋಳೆಯಾಗುತ್ತೆ. ತಿನ್ನೋಕೆ ಒಂದು ಗಂಟೆ ಮುಂಚೆ ಫ್ರಿಡ್ಜ್‌ನಿಂದ ತೆಗೀರಿ.

ಆ ಪ್ರತಿಮೆ ಉರ್ದಾನೆತಾ ಅವರದು, ಇದೇ ಊರಿನವರು. ಫಿಲಿಪೀನ್ಸ್‌ನಿಂದ ಪೆಸಿಫಿಕ್ ದಾಟಿ ಮೆಕ್ಸಿಕೋಗೆ ವಾಪಸ್ ಬರೋ ಗಾಳಿಯ ದಾರಿಯನ್ನ 1565ರಲ್ಲಿ ತೋರಿಸಿಕೊಟ್ಟವರು. ಸಮುದ್ರವೇ ಕಾಣದ ಈ ಊರಲ್ಲಿ ಹುಟ್ಟಿ ಸಾಗರದ ದಾರಿ... ಕ್ಲಿಪ್ ಮುಗೀತು, ಊಟಕ್ಕೆ ಹೋಗೋಣ.

ಅಡುಗೆಮನೆ ತೆರೆಯೋದು ಒಂದಕ್ಕೆ, ಮೂರೂವರೆಗೆ ಬಂದ್. ನಾಲ್ಕು ಗಂಟೆಗೆ ಹೋದ್ರೆ ಬ್ರೆಡ್ಡು, ಆಮ್ಲೆಟ್ಟಿಗೇ ತೃಪ್ತಿ ಪಡ್ಬೇಕು. ಇದು ತೊಲೋಸಾದ ಕಾಳು, ರಾಜ್ಮಾ ಜಾತಿ, ಕಪ್ಪು. ಸಂಪ್ರದಾಯದ ಅಡುಗೆ ಬಹಳ ಸರಳ: ನೀರು, ಎಣ್ಣೆ, ಈರುಳ್ಳಿ, ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ. ಉಪ್ಪು ಕೊನೆಗೆ. ಹಂದಿ ಮಾಂಸ, ರಕ್ತದ ಸಾಸೇಜ್, ಎಲೆಕೋಸು ಬೇರೆ ತಟ್ಟೆಯಲ್ಲಿ ಬರ್ಬೇಕು. ಕೆಲವು ಕಡೆ ಕಾಳಿನ ಜೊತೆಗೇ ಮಾಂಸ ಬೇಯಿಸ್ತಾರೆ, ಆದ್ದರಿಂದ ಕೇಳಿ. "ಕಾರ್ನೆ", ಅಂದ್ರೆ ಮಾಂಸ, ಇಲ್ಲ ಅಂದ್ರೆ ಸಾಲದು, "ಚೊರಿಸೊ? ಹಾಮೋನ್?" (ಹಂದಿ ಸಾಸೇಜ್, ಹಂದಿ ತೊಡೆ ಮಾಂಸ) ಅಂತ ಒಂದೊಂದೂ ಕೇಳಿ. ಪಕ್ಕದಲ್ಲಿ ಇಬಾರ್ರಾದ ಮೆಣಸಿನಕಾಯಿ, ವಿನೆಗರ್‌ನಲ್ಲಿ ಹಾಕಿದ್ದು, ಖಾರ ಇಲ್ಲವೇ ಇಲ್ಲ. ಕಾಳಿನ ಜಿಡ್ಡಿಗೆ ಆ ಹುಳಿ ಬೇಕೇ ಬೇಕು.

ಮಾರನೇ ದಿನ ಚಿಂದೋಕಿ, 1346 ಮೀಟರ್. ಲರ್ರೈಟ್ಸ್ ಅನ್ನೋ ಕಡೆಯಿಂದ ಹತ್ತೋದು, ಅದು ಸುಮಾರು 400 ಮೀಟರ್ ಎತ್ತರದಲ್ಲಿದೆ, ಅಂದ್ರೆ 900 ಮೀಟರಿಗಿಂತ ಜಾಸ್ತಿ ಏರು. ಹತ್ತೋಕೆ ಎರಡೂವರೆಯಿಂದ ಮೂರು ಗಂಟೆ. ಮುಂದೆ ಕಾಣೋ ಆ ಚೂಪು ಮುಖ ಹತ್ತೋದಲ್ಲ, ದಾರಿ ಸುತ್ತಿಕೊಂಡು ಹಿಂದಿನಿಂದ ಹೋಗುತ್ತೆ, ಎಗುರ್ರಾಲ್ ಅನ್ನೋ ತಗ್ಗಿನ ಮೇಲೆ. ಅಲ್ಲೀತನಕ ಹುಲ್ಲು, ಕುರಿ, ಗಿಡ್ಡ ಪೊಟ್ಟೊಕಾ ಕುದುರೆಗಳು. ಕೊನೇ ತುಂಡು ಸುಣ್ಣದ ಕಲ್ಲು, ಸಾವಿರಾರು ಬೂಟು ಉಜ್ಜಿ ನುಣ್ಣಗಾಗಿದೆ. ಒದ್ದೆ ಇದ್ರೆ ಸೋಪು ಹಚ್ಚಿದ ಹಾಗೆ. ಬಿದ್ದು ಪೆಟ್ಟಾಗೋದು ಹೆಚ್ಚಾಗಿ ಇಳಿಯುವಾಗಲೇ. ಹಿಂದಿನ ರಾತ್ರಿ ಮಳೆ ಬಂದಿದ್ರೆ ತಗ್ಗಿನಲ್ಲೇ ತಿರುಗಿ. ಸಮುದ್ರದ ಗಾಳಿ ತಂದ ಮಂಜು ಹತ್ತು ನಿಮಿಷದಲ್ಲಿ ಮುಚ್ಚಿಬಿಡುತ್ತೆ, ಅರಲಾರ್ ಬೆಟ್ಟಸಾಲಿನ ತುಂಬ ಕಲ್ಲು ಕರಗಿ ಆದ ಗುಂಡಿಗಳಿವೆ, ಆಗ ದಾರಿ ಬಿಡ್ಬೇಡಿ. ಯೂಸ್ಕಲ್ಮೆಟ್ ಹವಾಮಾನ ನೋಡಿ ಹೊರಡಿ, ತುರ್ತು ಸಂಖ್ಯೆ 112. ದಾಟಿದ ಗೇಟು ಮುಚ್ಚಿ. ನೀರು ತಲಾ ಎರಡು ಲೀಟರ್.

ಇದು ಎಸ್ಕಿಯೊ ಹತ್ತಿರದ ಇಗಾರ್ತುಬೈತಿ, 16ನೇ ಶತಮಾನದ ತೋಟದ ಮನೆ, ಈಗ ಮ್ಯೂಸಿಯಂ. ಮೇಲಿನ ಮಹಡಿ ಉದ್ದಕ್ಕೂ ಇರೋ ಆ ತೊಲೆ ನೋಡಿ. ಅದು ಚಾವಣಿಗಲ್ಲ, ಸೇಬು ಹಿಂಡೋ ಗಾಣದ್ದು. ಗಾಣವನ್ನ ಮನೆಯೊಳಗೆ ಇಟ್ಟಿಲ್ಲ, ಗಾಣದ ಸುತ್ತ ಮನೆ ಕಟ್ಟಿದಾರೆ. ಬಾಸ್ಕ್ ನಾಡಲ್ಲಿ ಒಂದೇ ಮನೆ ನೋಡ್ಬೇಕು ಅಂದ್ರೆ ಇದನ್ನೇ ನೋಡಿ.

ಆ ಸೇಬಿನ ಮದ್ಯ ಸೈಡರ್, ಅದನ್ನ ಸೈಡರ್ ಮನೆಗಳಲ್ಲಿ ಕುಡಿಯೋ ಕಾಲ ಜನವರಿಯಿಂದ ಏಪ್ರಿಲ್. "ಚೋಚ್!" ಅಂತ ಕೂಗಿದ ಕೂಡ್ಲೇ ಪೀಪಾಯಿ ತೂತು ತೆರೀತಾರೆ, ಸಾಲಾಗಿ ನಿಂತು ಸಣ್ಣ ಧಾರೆ ಹಿಡಿಯೋದು. ಲೋಟ ಓರೆ ಮಾಡಿ, ಧಾರೆ ಒಳಗೋಡೆಗೆ ಬಡಿಯಲಿ, ಎರಡು ಬೆರಳಷ್ಟು ಸಾಕು, ನೊರೆ ಇಳಿಯೋ ಮುಂಚೆ ಕುಡಿಯಿರಿ. ಊಟ ತಲೆಗೆ ಸುಮಾರು 40 ಯೂರೊ: ಮೀನಿನ ಆಮ್ಲೆಟ್, ಮೀನು, ದನದ ಮಾಂಸ, ಕೊನೆಗೆ ಚೀಸು, ಅಕ್ರೋಟು. ಸಸ್ಯಾಹಾರಿಗೆ ಇದು ದಂಡ. ಮುಂಚೆಯೇ ಫೋನ್ ಮಾಡಿದ್ರೆ ಅಣಬೆಯೋ ಮೆಣಸಿನಕಾಯಿಯೋ ಹುರಿದು ಕೊಡ್ತಾರೆ, ಆದ್ರೂ ದುಡ್ಡು ಅಷ್ಟೇ.

ಊರ ಹಬ್ಬದಲ್ಲಿ ಕಲ್ಲು ಎತ್ತೋ ಆಟ ಇದ್ರೆ ತಪ್ಪಿಸ್ಬೇಡಿ. ಲೈತ್ಸಾದ ಇನ್ಯಾಕಿ ಪೆರುರೇನಾ 300 ಕಿಲೋ ದಾಟಿದ ಕಲ್ಲನ್ನ ಹೆಗಲಿಗೇರಿಸಿದವರು. ಎತ್ತುಗಳಿಂದ ಕಲ್ಲು ಎಳೆಸೋದೂ ಉಂಟು. ರಾಯಚೂರಿನ ಕಡೆ ಮುಂಗಾರು ಹಬ್ಬದಲ್ಲಿ ನೋಡಿದೋರಿಗೆ ವಿವರಿಸೋದೇ ಬೇಡ.

ಕೊನೇ ಶಾಟ್, ತಾಲೊ, ಇಲ್ಲಿಯ ರೊಟ್ಟಿ. ಮೆಕ್ಕೆಜೋಳದ ಹಿಟ್ಟು, ಉಪ್ಪು, ಬಿಸಿನೀರು. ತಣ್ಣೀರು ಹಾಕಿದ್ರೆ ಅಂಚು ಬಿರಿಯುತ್ತೆ. ಈ ಹಿಟ್ಟಲ್ಲಿ ಅಂಟು ಇಲ್ಲ, ಬಿಸಿನೀರೇ ಅದನ್ನ ಹಿಡಿದಿಡ್ಬೇಕು, ಜೋಳದ ರೊಟ್ಟಿಗೆ ಎಸರು ಇಡೋದೂ ಅದಕ್ಕೇ. ತಾಲೊ ಮಾಡೋ ಈಕೆ ಎರಡೂ ಅಂಗೈಲಿ ತಟ್ಟೋ ಸದ್ದು ಕೇಳಿ, ನಮ್ಮ ಬಿಜಾಪುರದ ಅಡುಗೆಮನೆ. ಒಳಗೆ ಸಾಸೇಜ್ ಇಡೋದು ವಾಡಿಕೆ, ಚಾಕೊಲೇಟೂ ಇದೆ, ಹುರಿದ ಮೆಣಸಿನಕಾಯಿ ಹಾಕಿ ಅಂದ್ರೆ ಹಾಕ್ತಾರೆ. ಸಾಸೇಜ್ ಹುರಿದ ಹೆಂಚೇ ಇದಕ್ಕೂ ಬಳಸ್ತಾರಾ ಅಂತ ನೋಡ್ಕೊಳ್ಳಿ. ಆರಿದ್ರೆ ಹಪ್ಪಳದ ಹಾಗೆ ಸೆಟೆದುಕೊಳ್ಳುತ್ತೆ, ಈಗ್ಲೇ ತಿನ್ಬೇಕು. ಅಗುರ್, ಅಂದ್ರೆ ಹೋಗಿ ಬರ್ತೀನಿ!