ತೆಂಕಣ ದಿಶೆಯ ಸೂತ್ರಧಾರಿಯನ್ನು ಹುಡುಕಿಕೊಂಡು ಪಟ್ಟದಕಲ್ಲಿಗೆ

ಕ್ಯಾಮೆರಾನ ನಿಧಾನಕ್ಕೆ ತಿರುಗಿಸ್ತೀನಿ, ಶಿಖರಗಳನ್ನಷ್ಟೇ ನೋಡಿ. ಇದು ಗಳಗನಾಥ ಗುಡಿ. ಬಾಗಿ ಬಾಗಿ ಮೇಲಕ್ಕೆ ಹೋಗಿ, ತುದಿಗೆ ನೆಲ್ಲಿಕಾಯಿಯಂಥ ಆಮಲಕ ಹೊತ್ತಿದೆ. ರೇಖಾನಾಗರ ಅಂತಾರೆ. ಈಗ ಸಂಗಮೇಶ್ವರ. ಇಲ್ಲಿ ಬಾಗೋದೇ ಇಲ್ಲ, ಅಂತಸ್ತಿನ ಮೇಲೆ ಅಂತಸ್ತು ಏರಿದೆ. ಇದು ದ್ರಾವಿಡ.

ಒಂದು ಉತ್ತರದ್ದು, ಇನ್ನೊಂದು ದಕ್ಷಿಣದ್ದು ಅಂತ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆ. ಇಲ್ಲಿ ನೋಡಿದ್ರೆ ಎರಡೂ ಒಂದೇ ಅಂಗಳದಲ್ಲಿವೆ, ಅದೇ ಮಲಪ್ರಭೆಯ ದಂಡೆ ಮೇಲೆ. ತುಂಗಭದ್ರೆ ದಡದ ಆಲಂಪುರದಲ್ಲೂ ಬಾದಾಮಿ ಚಾಲುಕ್ಯರು ಇದೇ ಬಾಗಿದ ಶಿಖರಗಳನ್ನ ಕಟ್ಟಿಸಿದ್ದಾರೆ. ಇದನ್ನ ಪರವೂರಿಂದು ಅನ್ನೋಕೆ ನನಗಂತೂ ಮನಸ್ಸು ಬರಲ್ಲ.

ನಾನು ಬಂದಿರೋದು ಮುಖ್ಯವಾಗಿ ಈ ಗುಡಿಗೆ. ವಿರೂಪಾಕ್ಷ. ಇವತ್ತಿಗೂ ಪೂಜೆ ನಡೀತಿದೆ. ಬಾದಾಮಿ ಚಾಲುಕ್ಯರ ರಾಜ ಎರಡನೇ ವಿಕ್ರಮಾದಿತ್ಯ ಕಂಚಿಯ ಪಲ್ಲವರನ್ನ ಗೆದ್ದ ನೆನಪಿಗೆ ರಾಣಿ ಲೋಕಮಹಾದೇವಿ 8ನೇ ಶತಮಾನದಲ್ಲಿ ಕಟ್ಟಿಸಿದ್ದು. ಆಗ ಇದರ ಹೆಸರು ಲೋಕೇಶ್ವರ. ಕಟ್ಟಿಸಿದವರ ಹೆಸರು ಎಲ್ಲಾ ಕಡೆ ಸಿಗುತ್ತೆ, ಕಟ್ಟಿದವರದ್ದು ಸಿಗೋದು ಅಪರೂಪ. ಇಲ್ಲಿ ಸಿಗುತ್ತೆ! ಸೂತ್ರಧಾರಿ, ಅಂದ್ರೆ ಮುಖ್ಯ ಶಿಲ್ಪಿ, ಗುಂಡ ಅನಿವಾರಿತಾಚಾರಿ, ಅವನಿಗೆ 'ತ್ರಿಭುವನಾಚಾರಿ' ಅನ್ನೋ ಬಿರುದು. ಇನ್ನೊಬ್ಬ ಸರ್ವಸಿದ್ಧಿ ಆಚಾರಿ, 'ತೆಂಕಣ ದಿಶೆಯ ಸೂತ್ರಧಾರಿ'. ತೆಂಕಣ ಅಂದ್ರೆ ದಕ್ಷಿಣ! ನಮ್ಮ ಕರಾವಳಿಯವರು 'ತೆಂಕು' ಅಂತ ಈಗಲೂ ಅಂತಾರಲ್ಲ, ಅದೇ ಮಾತು, 1,200 ವರ್ಷ ದಾಟಿದ ಕಲ್ಲಿನ ಮೇಲೆ. ಓದ್ತಾ ಮೈ ಜುಮ್ ಅಂತು.

ಕಂಚಿಗೂ ಈ ಗುಡಿಗೂ ನಂಟು ಬರೀ ಯುದ್ಧದ್ದಲ್ಲ. ಅಲ್ಲಿನ ಕೈಲಾಸನಾಥ ಗುಡಿಯ ಕಂಬದ ಮೇಲೆ ವಿಕ್ರಮಾದಿತ್ಯನ ಕನ್ನಡ ಶಾಸನ ಇದೆ. ದೇವರ ಸಂಪತ್ತನ್ನ ಕಂಡು, ಮುಟ್ಟದೆ ದೇವರಿಗೇ ಒಪ್ಪಿಸಿದ ಅನ್ನುತ್ತೆ ಅದು. ಗೆದ್ದ ಊರಿನ ಗುಡಿಯನ್ನ ಹಾಗೆ ಕಂಡವನ ರಾಣಿ ಇಲ್ಲಿ ಕಟ್ಟಿಸಿದ ವಿಮಾನದಲ್ಲೂ (ಶಿಖರ ಹೊತ್ತ ಗರ್ಭಗುಡಿಯ ಭಾಗ) ಆ ಕಂಚಿಯ ಛಾಯೆ ಇದೆ. ಮುಂದೆ ರಾಷ್ಟ್ರಕೂಟರ ಒಂದನೇ ಕೃಷ್ಣನ ಕಾಲಕ್ಕೆ ಎಲ್ಲೋರದ ಬೆಟ್ಟವನ್ನ ಮೇಲಿಂದ ಕೆಳಕ್ಕೆ ಕಡಿದು ಕೈಲಾಸ ಮಾಡಿದ್ರು. ಅದನ್ನ ನೋಡಿದವರು ಇಲ್ಲಿಗೆ ಬಂದ್ರೆ ಗುರುತು ಹಿಡೀತಾರೆ: ಮುಂದೆ ನಂದಿಮಂಟಪ, ಹಿಂದೆ ಅದೇ ಥರದ ವಿಮಾನ.

ಬಿಸಿಲೇರ್ತಿದೆ. ಪಾಪನಾಥ ಇನ್ನೂ ಬಾಕಿ, ಹೊಳೆ ಪಕ್ಕ ಸ್ವಲ್ಪ ದಕ್ಷಿಣಕ್ಕೆ ನಡೀಬೇಕು. ಶಿಖರ ನಾಗರ, ಗೋಡೆ ಕೆಲಸದಲ್ಲಿ ದ್ರಾವಿಡದ ಗುರುತು. ಎರಡನ್ನೂ ಒಂದೇ ಗುಡಿಗೆ ಬೆಸೆದುಬಿಟ್ಟಿದ್ದಾರೆ. ಅಲ್ಲೂ ಒಂದು ಹೆಸರಿದೆ, ರೇವಡಿ ಓವಜ್ಜ. ಬನ್ನಿ, ಅವನ ಕೆಲಸ ನೋಡೋಣ.