ಮಾತಿನ ನಿಲಯದ ಒಂದು ದಿನ

ಕೇಳುಗರಿಗೆ ನಮಸ್ಕಾರ.

ಹಾಡಿಲ್ಲದೆ ರೇಡಿಯೊ ನಡೆಸುವುದು ಕಷ್ಟದ ಕೆಲಸ. ಹಾಡಿದ್ದರೆ ಹೊತ್ತು ಮೀರಿದಾಗ ಮೊಟಕು ಮಾಡಬಹುದು, ಹೊತ್ತು ಉಳಿದಾಗ ಇನ್ನೊಂದು ಚರಣ ಕೇಳಿಸಬಹುದು. ಬರೀ ಮಾತಿನ ನಿಲಯಕ್ಕೆ ಆ ಅನುಕೂಲ ಇಲ್ಲ. ಬ್ರಿಟನ್ನಿನ ಬಿಬಿಸಿ ರೇಡಿಯೊ 4 ಅಂಥ ನಿಲಯ. 1967ರ ಸೆಪ್ಟೆಂಬರ್ 30ರಂದು ಬಿಬಿಸಿಯದೇ ಹಳೆಯ ನಿಲಯ ಹೋಮ್ ಸರ್ವಿಸ್‌ನ ಜಾಗಕ್ಕೆ ಬಂದದ್ದು. ವಾರ್ತೆ, ನಾಟಕ, ಹಾಸ್ಯ, ವಿಜ್ಞಾನ, ಬೇಸಾಯ, ಪುಸ್ತಕ ವಾಚನ, ಹೆಚ್ಚುಕಡಿಮೆ ಎಲ್ಲವೂ ಮಾತೇ. ಆ ದಿನವನ್ನು ಹಿಡಿದು ನಿಲ್ಲಿಸಿರುವುದು ಗಡಿಯಾರ.

ಗಂಟೆ ತುಂಬುವ ಮುನ್ನ ಅಲ್ಲಿ ಆರು ಪಿಪ್, ಅಂದರೆ ಸಮಯ ಸೂಚಿಸುವ ಬೀಪ್ ಸದ್ದು, ಕೇಳಿಸುತ್ತವೆ. ಈ ಪದ್ಧತಿ 1924ರ ಫೆಬ್ರುವರಿ 5ರಿಂದ ಇದೆ. ಮೊದಲ ಪಿಪ್ 55ನೇ ಸೆಕೆಂಡಿಗೆ. ಮೊದಲ ಐದು ತಲಾ ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಚುಟುಕು, ಆರನೆಯದು ಅರ್ಧ ಸೆಕೆಂಡು. ಗಂಟೆ ಆಗುವುದು ಆ ಉದ್ದನೆಯ ಪಿಪ್ ಶುರುವಾಗುವ ಕ್ಷಣಕ್ಕೆ, ಮುಗಿಯುವ ಕ್ಷಣಕ್ಕಲ್ಲ. ಗಡಿಯಾರ ಹೊಂದಿಸುವ ಎಷ್ಟೋ ಜನ ಇಲ್ಲೇ ತಪ್ಪುತ್ತಾರೆ. ಡಿಜಿಟಲ್ ರೇಡಿಯೊದಲ್ಲಿ, ಇಂಟರ್‌ನೆಟ್‌ನಲ್ಲಿ ಕೇಳುವವರಿಗೆ ಇನ್ನೊಂದು ತೊಡಕು. ಧ್ವನಿಯನ್ನು ಅಂಕಿಗಳಾಗಿ ಕಟ್ಟಿ, ಕಳಿಸಿ, ಈ ತುದಿಯಲ್ಲಿ ಬಿಚ್ಚುವಷ್ಟರಲ್ಲಿ ಹಲವು ಸೆಕೆಂಡು ಕಳೆದಿರುತ್ತದೆ. ಎಫ್‌ಎಂ ಸೆಟ್ಟನ್ನೂ ಡಿಜಿಟಲ್ ಸೆಟ್ಟನ್ನೂ ಪಕ್ಕಪಕ್ಕ ಇಟ್ಟರೆ ಒಂದೇ ಪಿಪ್ ಎರಡು ಸಲ ಬಂದಂತೆ ಕೇಳುತ್ತದೆ. ಸಮಯಕ್ಕೆ ನಂಬಬೇಕಾದದ್ದು ಎಫ್‌ಎಂ.

ಉದ್ಘೋಷಕರಿಗೆ ಈ ಪಿಪ್‌ಗಳೇ ಲಕ್ಷ್ಮಣರೇಖೆ. ಅವುಗಳ ಮೇಲೆ ಮಾತಾಡುವುದು ದೊಡ್ಡ ತಪ್ಪು. ಹಾಗಾಗಿ ಲೆಕ್ಕ ಹಿಂದಿನಿಂದ ನಡೆಯುತ್ತದೆ. ಇಂಗ್ಲಿಷಿನಲ್ಲಿ ಸೆಕೆಂಡಿಗೆ ಮೂರು ಪದ ಎಂಬುದು ಓದಿನ ಅಂದಾಜು. ಕೊನೆಯ ಪ್ರಕಟಣೆಗೆ 45 ಪದ ಇದ್ದರೆ 15 ಸೆಕೆಂಡು ಬೇಕು. ಮೊದಲ ಪಿಪ್ 55ಕ್ಕೆ ಬರುವುದರಿಂದ ಅದನ್ನು 40ನೇ ಸೆಕೆಂಡಿಗೇ ಶುರು ಮಾಡಬೇಕು. ನೇರ ಸಂದರ್ಶನ ಎಳೆದುಕೊಂಡು ಹೋದರೆ ಪೆಟ್ಟು ಬೀಳುವುದು ಈ ಪ್ರಕಟಣೆಗೆ. ಅದಕ್ಕೇ ಒಂದೊಂದು ವಾಕ್ಯ ಬಿಟ್ಟರೂ ಅರ್ಥ ಕೆಡದ ಹಾಗೆ ಅದನ್ನು ಬರೆದಿರಬೇಕು.

ಬೆಳಿಗ್ಗೆ ಬೇಗ ಬೇಸಾಯದ ಕಾರ್ಯಕ್ರಮ. ಆಮೇಲೆ ವಾರದ ದಿನಗಳಲ್ಲಿ 6ರಿಂದ 9ರವರೆಗೆ 1957ರಲ್ಲಿ ಆರಂಭವಾದ ‘ಟುಡೇ’ ಎಂಬ ಸುದ್ದಿ ಕಾರ್ಯಕ್ರಮ. ಅದರ ನಡುವೆ ನಮ್ಮ ಆಕಾಶವಾಣಿಯ ‘ಚಿಂತನ’ವನ್ನು ನೆನಪಿಸುವ ಒಂದು ಪುಟ್ಟ ಮಾತು, ಮೂರು ನಿಮಿಷದ ಒಳಗೆ. ಈ ಹೊತ್ತಿನ ಕೇಳುಗರು ಹಲ್ಲುಜ್ಜುತ್ತ, ಶೂ ಹಾಕಿಕೊಳ್ಳುತ್ತ ಕೇಳುವವರು. ಆದ್ದರಿಂದ ಸಮಯವನ್ನು ಪದೇಪದೇ ಹೇಳುತ್ತಾರೆ, ಮಾತಾಡುತ್ತಿರುವವರ ಹೆಸರನ್ನೂ ನಡುನಡುವೆ ಮತ್ತೆ ಹೇಳುತ್ತಾರೆ. ಮಧ್ಯಾಹ್ನದ 45 ನಿಮಿಷದ ನಾಟಕಕ್ಕೆ ಈ ಪುನರುಕ್ತಿ ಸಲ್ಲದು. ಅಲ್ಲಿ ಪಾತ್ರಗಳು ಸಂಭಾಷಣೆಯಲ್ಲೇ ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆದು ಗುರುತು ಕೊಡಬೇಕು.

ಸಂಜೆ ಏಳರ ಚುಟುಕು ವಾರ್ತೆಯ ಬೆನ್ನಿಗೆ ‘ದಿ ಆರ್ಚರ್ಸ್’ ಧಾರಾವಾಹಿ. ಆಂಬ್ರಿಜ್ ಎಂಬ ಕಲ್ಪಿತ ಹಳ್ಳಿಯ ಕಥೆ, 1951ರ ಜನವರಿ 1ರಿಂದ ದೇಶವ್ಯಾಪಿ ಪ್ರಸಾರ. ಯುದ್ಧ ಮುಗಿದಿದ್ದರೂ ಆಹಾರದ ಪಡಿತರ ಮುಗಿದಿರಲಿಲ್ಲ. ಹೊಸ ಬೇಸಾಯ ಕ್ರಮಗಳನ್ನು ಭಾಷಣವಾಗಿ ಹೇಳಿದರೆ ರೈತರು ಕೇಳುತ್ತಾರೋ ಇಲ್ಲವೋ. ನೆರೆಮನೆಯ ಜಗಳ, ಮದುವೆ, ಸಾವಿನ ನಡುವೆ ಹೇಳಿದರೆ ಕೇಳುತ್ತಾರೆ. ನಮ್ಮ ‘ಕೃಷಿರಂಗ’ದ ಸಂಭಾಷಣೆಗಳನ್ನು ಕೇಳಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮುಂಚಿತವಾಗಿ ಧ್ವನಿಮುದ್ರಿಸುವ ಧಾರಾವಾಹಿಗೆ ನಿಜವಾದ ಕಷ್ಟ ಬರುವುದು ಹೊರಗಿನ ಸುದ್ದಿ ಬದಲಾದಾಗ. 2001ರಲ್ಲಿ ಬ್ರಿಟನ್ನಿನಲ್ಲಿ ಕಾಲುಬಾಯಿ ಜ್ವರ ಹಬ್ಬಿದಾಗ ಹೊಸ ದೃಶ್ಯಗಳನ್ನು ಬರೆದು, ಧ್ವನಿಮುದ್ರಿಸಿ ಸೇರಿಸಬೇಕಾಯಿತು. ದನದ ರೋಗ ಊರೂರನ್ನು ಸುಡುತ್ತಿರುವಾಗ ಕಥೆಯ ಹಳ್ಳಿ ಮಾತ್ರ ನೆಮ್ಮದಿಯಾಗಿದ್ದರೆ ಯಾವ ರೈತ ನಂಬಿಯಾನು?

ರಾತ್ರಿ ಪುಸ್ತಕದ ಓದು, 15 ನಿಮಿಷ. ಕಥೆಯ ಓದು ಪ್ರಕಟಣೆಗಿಂತ ನಿಧಾನ, ಹಾಗಾಗಿ ಒಂದು ಕಂತಿಗೆ ಎರಡು ಸಾವಿರ ಪದದ ಮೇಲೆ ಸ್ವಲ್ಪ. ಇಡೀ ಕಾದಂಬರಿಯನ್ನು ಆ ಅಳತೆಗೆ ಇಳಿಸುವವರು ಮೊದಲು ಉಪಕಥೆ ತೆಗೆಯುತ್ತಾರೆ, ಆಮೇಲೆ ‘ಎಂದನು’, ‘ಎಂದಳು’ಗಳನ್ನು, ಧ್ವನಿಯೇ ಆ ಕೆಲಸ ಮಾಡುತ್ತದಲ್ಲ.

ನನ್ನ ಮಟ್ಟಿಗೆ ಇಡೀ ದಿನದ ಅತ್ಯಂತ ಬಿಗಿಯಾದ ಬರವಣಿಗೆ ಇರುವುದು ನಡುರಾತ್ರಿ ದಾಟಿ 12:48ಕ್ಕೆ ಬರುವ ಹಡಗುಗಳ ಹವಾಮಾನ ವರದಿಯಲ್ಲಿ. ಬ್ರಿಟನ್ ಸುತ್ತಲಿನ 31 ಸಮುದ್ರ ವಲಯಗಳ ಮುನ್ಸೂಚನೆಗೆ ಇರುವ ಮಿತಿ 380 ಪದ. ಹಗಲಿನ ವರದಿಗೆ 350 ಮಾತ್ರ. ಕ್ರಮ ಎಂದೂ ತಪ್ಪುವುದಿಲ್ಲ: ಬಿರುಗಾಳಿ ಎಚ್ಚರಿಕೆ, ಒಟ್ಟು ಸ್ಥಿತಿ, ಆಮೇಲೆ ವೈಕಿಂಗ್‌ನಿಂದ ಶುರುವಾಗಿ ಒಂದೊಂದೇ ವಲಯ. ವಲಯದೊಳಗೂ ಮೊದಲು ಗಾಳಿ, ಆಮೇಲೆ ಮಳೆ, ಕೊನೆಗೆ ಕಣ್ಣಿಗೆ ಕಾಣುವ ದೂರ.

ಉದಾಹರಣೆಗೆ, ‘ಟೈನ್, ಡಾಗರ್. ನೈರುತ್ಯ 5ರಿಂದ 7. ಮಳೆ. ಒಳ್ಳೆಯದು, ಆಗಾಗ ಕಳಪೆ’ ಎಂಬ ಧಾಟಿ. ಗಾಳಿ ಎಂಬ ಪದವೇ ಅಲ್ಲಿಲ್ಲ, ಜಾಗವೇ ಅರ್ಥ ಹೇಳುತ್ತದೆ. ಅಂಕಿಗಳು ಗಾಳಿಯ ಬಲ ಅಳೆಯುವ ಬೋಫರ್ಟ್ ಮಾನದವು. 8 ಎಂದರೆ ಗೇಲ್, ಅಂದರೆ ಬಿರುಗಾಳಿ, ವೇಗ 34ರಿಂದ 40 ನಾಟ್ (ಗಂಟೆಗೆ ಅಷ್ಟು ನಾಟಿಕಲ್ ಮೈಲಿ). ‘ಒಳ್ಳೆಯದು’ ಎಂದರೆ 5 ನಾಟಿಕಲ್ ಮೈಲಿಗಿಂತ ಆಚೆಗೂ ಕಾಣುತ್ತದೆ, ‘ಕಳಪೆ’ ಎಂದರೆ 2ಕ್ಕಿಂತ ಒಳಗೆ. ಗೇಲ್ ಎಚ್ಚರಿಕೆಯಲ್ಲಿ ‘ಬೇಗ’ ಎಂದರೂ ಅಳತೆ ಇದೆ: 6ರಿಂದ 12 ಗಂಟೆ. ‘ತಡವಾಗಿ’ ಎಂದರೆ 12 ಗಂಟೆಯ ಮೇಲೆ. ಬಣ್ಣದ ಮಾತು ಸೇರಿಸಿದರೆ ಡೆಕ್‌ನಲ್ಲಿ ಪೆನ್ಸಿಲ್ ಹಿಡಿದು ಬರೆದುಕೊಳ್ಳುವವರಿಗೆ ಸಾಲು ತಪ್ಪುತ್ತದೆ. ಓದು ನಿಧಾನ, ಸಮ. ಏರಿಳಿತದಿಂದ ಭಯ ಹುಟ್ಟಿಸುವಂತಿಲ್ಲ. ಹಾಗೆಂದು ಒಂದು ಅಂಕಿಯೂ ನುಂಗಿಹೋಗುವಂತಿಲ್ಲ. 5 ಎನ್ನುವಲ್ಲಿ 9 ಎಂದು ಕೇಳಿದರೆ ದೋಣಿ ಬಂದರಿನಲ್ಲೇ ಉಳಿಯುತ್ತದೆ. 9 ಎನ್ನುವಲ್ಲಿ 5 ಎಂದು ಕೇಳಿದರೆ ಹೊರಟುಬಿಡುತ್ತದೆ.

ವರದಿಗೆ ಮೊದಲು ‘ಸೇಲಿಂಗ್ ಬೈ’ ಎಂಬ ವಾದ್ಯಸಂಗೀತ ನುಡಿಯುತ್ತದೆ. ಮಾತಿನ ದಿನಕ್ಕೆಲ್ಲ ಉಳಿದಿರುವ ಸಡಿಲು ಗಂಟು ಅದೊಂದೇ. ಹಿಂದಿನ ಕಾರ್ಯಕ್ರಮ ಹೊತ್ತು ಮೀರಿದ್ದರೆ ಅದನ್ನು ಕಡಿಮೆ ಕೇಳಿಸುತ್ತಾರೆ, ಹೊತ್ತು ಉಳಿದಿದ್ದರೆ ಹೆಚ್ಚು. ಕಡಲಿನಲ್ಲಿರುವವರಿಗೆ ನಿಲಯ ಹುಡುಕಿ ಸೆಟ್ ಸರಿಮಾಡಿಕೊಳ್ಳಲು ಸಿಗುವ ಹೊತ್ತೂ ಅದೇ. ವರದಿ ಮುಗಿದ ಮೇಲೆ ಶುಭರಾತ್ರಿ, ರಾಷ್ಟ್ರಗೀತೆ, ಆರು ಪಿಪ್. ಒಂದು ಗಂಟೆಗೆ ಅದೇ ತರಂಗದ ಮೇಲೆ ಬಿಬಿಸಿಯ ಇನ್ನೊಂದು ನಿಲಯ ವರ್ಲ್ಡ್ ಸರ್ವಿಸ್ ಮಾತು ಶುರು ಮಾಡುತ್ತದೆ.