ಸಾಲ ಯಾರದೋ, ಶಾಪ ಇವರಿಗೆ

ಕೇಳುಗರಿಗೆ ನಮಸ್ಕಾರ.

ಆಗ್ನೇಯ ಯುರೋಪಿನ ಬಾಲ್ಕನ್ ನಾಡಿನ ಮಹಿಳಾ ನಾಯಕಿಯೊಬ್ಬರ ಬಗ್ಗೆ ಮಾತಾಡಿ ಎಂದರು. ಹಿಂದೆ ಮುಂದೆ ನೋಡದೆ ಒಂದೇ ಹೆಸರು ಹೇಳಿದೆ: ಮಿಲ್ಕಾ ಪ್ಲಾನಿಂತ್ಸ್. 1982ರಿಂದ 1986ರವರೆಗೆ ಯುಗೊಸ್ಲಾವಿಯಾದ ಪ್ರಧಾನಿ. ಕಮ್ಯುನಿಸ್ಟ್ ದೇಶವೊಂದರಲ್ಲಿ ಆ ಕುರ್ಚಿ ಹತ್ತಿದ ಮೊದಲ ಹೆಂಗಸು.

ಇವರನ್ನು ಬ್ರಿಟನ್ ಪ್ರಧಾನಿಯಾಗಿದ್ದ ಥ್ಯಾಚರ್‌ಗೆ ಹೋಲಿಸಿ 'ಉಕ್ಕಿನ ಮಹಿಳೆ' ಅನ್ನುವವರಿದ್ದಾರೆ. ಕೇಳಿದರೆ ನನಗೆ ರೇಗುತ್ತದೆ. ಮಿಲ್ಕಾ ಮಾಡಿದ್ದು ಬೇರೆಯವರು ಮಾಡಿಟ್ಟ ಸಾಲ ತೀರಿಸುವ ಕೆಲಸ. ಇದೊಂದು ನೆನಪಿರಲಿ, ಉಳಿದದ್ದು ಮರೆತರೂ ಚಿಂತೆಯಿಲ್ಲ.

1970ರ ದಶಕದಲ್ಲಿ ಡಾಲರ್ ಸಾಲ ಅಗ್ಗವಾಗಿ ಸಿಗುತ್ತಿತ್ತು. ಕಾರ್ಖಾನೆ, ರಸ್ತೆ, ಮನೆ, ಎಲ್ಲಕ್ಕೂ ಸಾಲ. 1980ರಲ್ಲಿ, ದೇಶವನ್ನು ದಶಕಗಳ ಕಾಲ ಆಳಿದ ಟಿಟೊ ತೀರಿಕೊಂಡರು, ಬಡ್ಡಿ ಏರಿತು. ಮಿಲ್ಕಾ ಬಂದಾಗ ಹೊರೆ ಸುಮಾರು 2,000 ಕೋಟಿ ಡಾಲರ್.

ಈಗ ಕಾಫಿಯ ಕಥೆ. ಆ ಜನಕ್ಕೆ ಕಾಫಿ ಅಂದರೆ ಪ್ರಾಣ. ಉದ್ದ ಹಿಡಿಯ ಪುಟ್ಟ ಪಾತ್ರೆ, ಅದರ ಹೆಸರು ಜೆಜ್ವಾ, ಅದರಲ್ಲಿ ಪುಡಿಯನ್ನು ಸೋಸದೆ ಕುದಿಸಿ, ಗಸಿ ತಳಕ್ಕಿಳಿಯುವ ತನಕ ಹರಟುತ್ತಾ ಕೂರುತ್ತಾರೆ. ಯಾರ ಮನೆಗಾದರೂ ಹೋಗುವಾಗ ಕಾಫಿ ಪೊಟ್ಟಣ ಒಯ್ಯುವುದು ಮರ್ಯಾದೆ. ಅಂಥ ಊರಲ್ಲಿ ಕಾಫಿಯೇ ಮಾಯ! ಕೊಳ್ಳಲು ಡಾಲರ್ ಬೇಕು, ಡಾಲರೆಲ್ಲ ಸಾಲಕ್ಕೆ. ಬಾರ್ಲಿ, ಚಿಕೋರಿ ಹುರಿದು ಕುಡಿದರು. ಚಿಕೋರಿ ನಮಗೇನು ಹೊಸದಲ್ಲ. ನಾವು ಕಾಫಿಗೆ ಬೆರೆಸುತ್ತೇವೆ, ಅವರಿಗೆ ಬೆರೆಸಲು ಕಾಫಿಯೇ ಇರಲಿಲ್ಲ. ಸರಿ, ಗಡಿಯಾಚೆ ಇಟಲಿಯ ಟ್ರಿಯೆಸ್ತೆಯಿಂದ ತರೋಣ ಅಂದರೆ, ಗಡಿ ದಾಟುವ ಮುಂಚೆ 5,000 ದಿನಾರ್ ಠೇವಣಿ ಕಟ್ಟಬೇಕು. ಮತ್ತೆ ಹೋದರೆ ಇನ್ನೂ ಹೆಚ್ಚು. ಇಷ್ಟು ಸಾಲದೆಂಬಂತೆ ಪೆಟ್ರೋಲಿಗೆ ಕೂಪನ್, ಸಂಜೆ ಕರೆಂಟಿಲ್ಲ. ಜನ ಶಪಿಸಿದ್ದು ಯಾರನ್ನು? ಸಾಲ ಮಾಡಿದವರನ್ನಲ್ಲ, ತೀರಿಸಲು ಹೊರಟವರನ್ನು.

ನನಗೆ ಕೊಟ್ಟ ಸಮಯವನ್ನೆಲ್ಲ ಕಾಫಿಯೇ ಕುಡಿದುಬಿಟ್ಟಿತು. ಉಳಿದದ್ದನ್ನು ಓಡಿಸಿ ಹೇಳುತ್ತೇನೆ. ಹುಟ್ಟಿದ್ದು 1924ರಲ್ಲಿ, ಕ್ರೊಯೇಷಿಯಾದ ಡಾಲ್ಮೇಷಿಯಾ ಸೀಮೆಯಲ್ಲಿ. ಹದಿಹರೆಯದಲ್ಲೇ ನಾಜಿಗಳ ವಿರುದ್ಧ ಪಾರ್ಟಿಸಾನ್ ಎಂಬ ಗೆರಿಲ್ಲಾ ಪಡೆ ಸೇರಿದರು. ಕ್ರೊಯೇಷಿಯಾ ಆಗ ಯುಗೊಸ್ಲಾವಿಯಾದ ಒಂದು ಗಣರಾಜ್ಯ. ಅದಕ್ಕೆ ಹೆಚ್ಚು ಸ್ವಾಯತ್ತತೆ ಬೇಕೆಂದ ಅಲ್ಲಿನ ಕಮ್ಯುನಿಸ್ಟ್ ಪಕ್ಷದ ನಾಯಕಿ ಸಾವ್ಕಾ ದಾಬ್ಚೆವಿಚ್-ಕುಚಾರ್ ಅವರನ್ನು 1971ರಲ್ಲಿ ಟಿಟೊ ಇಳಿಸಿದರು. ಆ ಜಾಗಕ್ಕೆ ಮಿಲ್ಕಾ ಬಂದರು. ಇದರಿಂದಲೇ ಅನೇಕ ಕ್ರೊಯೇಷಿಯನ್ನರಿಗೆ ಇವರು ಕಡೆಯವರೆಗೂ ಸೇರಲಿಲ್ಲ. ಅದು ನ್ಯಾಯವಾದ ದೂರೇ, ತೆಗೆದುಹಾಕುವಂತಿಲ್ಲ. ಆದರೆ ಸಾಲದ ವಿಷಯ ಬೇರೆ.

1986ರಲ್ಲಿ ಇಳಿದರು. ಮೂರೇ ವರ್ಷದಲ್ಲಿ ದಿನಾರ್ ಕಾಗದದ ಬೆಲೆಗೆ ಬಂತು, 1991ರಲ್ಲಿ ದೇಶವೇ ಒಡೆಯಿತು. 2010ರಲ್ಲಿ ಮಿಲ್ಕಾ ಝಾಗ್ರೆಬ್‌ನಲ್ಲಿ ತೀರಿಕೊಂಡಾಗ ಅವರು ಆಳಿದ ದೇಶ ನಕಾಶೆಯಲ್ಲಿರಲಿಲ್ಲ. ಅದರ ಸಾಲವನ್ನು ಮಾತ್ರ ಬ್ಯಾಂಕಿನವರು ಮರೆಯಲಿಲ್ಲ, ಹೊಸ ದೇಶಗಳಿಗೆಲ್ಲ ಪಾಲು ಹಂಚಿದರು.

ನಮಸ್ಕಾರ.